ನಂದು ಅಂದರೆ ಯಾರು?

ಗಲ್ಲಿ ಫುಟ್‌ಬಾಲಿನಲ್ಲಿ ಗೋಲ್‌ಕೀಪರನನ್ನು ಆರಿಸುವ ಪದ್ಧತಿ ಎಲ್ಲ ಊರಿನಲ್ಲೂ ಒಂದೇ. ಯಾರಿಗೆ ಓಡಲು ಬರುವುದಿಲ್ಲವೋ, ಯಾರು ಹೊಸಬನೋ, ಯಾರಿಗೆ ಒಲ್ಲೆ ಎನ್ನುವ ಧೈರ್ಯವಿಲ್ಲವೋ ಅವನು ಗೋಲಿಗೆ. ಧಾರವಾಡದಲ್ಲಿ ನನ್ನನ್ನು ಅಲ್ಲಿ ನಿಲ್ಲಿಸಿದ್ದು ಮೊದಲನೆಯ ಕಾರಣಕ್ಕೆ. "ನೀ ಅಲ್ಲೇ ನಿಂದ್ರಲೇ, ಬಂದ್ರ ಹಿಡಿ" ಎಂದಿದ್ದರು. ಕಾಲೇಜು ಮುಗಿಸುವ ತನಕ ನನಗೆ ಸಿಕ್ಕ ತರಬೇತಿ ಎಂದರೆ ಅಷ್ಟೇ, ಐದು ಶಬ್ದ.

ಆ ಐದು ಶಬ್ದದ ಬಂಡವಾಳದ ಮೇಲೆ ನಾನು ನವಿ ಮುಂಬಯಿಯ ನೆರೂಳಿನಲ್ಲಿ ಹತ್ತಾರು ವರ್ಷ ಸಣ್ಣ ಹುಡುಗರಿಗೆ ಗೋಲ್‌ಕೀಪಿಂಗ್ ಹೇಳಿಕೊಟ್ಟೆ ಎಂದರೆ ಊರಿನವರು ನಗುತ್ತಾರೆ. ನನ್ನ ಅವ್ವ ಬದುಕಿರುವ ತನಕ ನಂಬಲಿಲ್ಲ. ಇಲ್ಲಿಯವರು ಗೋಲ್‌ಕೀಪರನಿಗೆ 'ಗೋಲಿ' ಅನ್ನುತ್ತಾರೆ. ಹುಡುಗರು ನನ್ನನ್ನು 'ಗೋಲಿ ಅಂಕಲ್' ಎಂದು ಕರೆಯುತ್ತಾರೆ ಅಂತ ಫೋನಿನಲ್ಲಿ ಹೇಳಿದಾಗ ಅವ್ವ, "ಬ್ಯಾಂಕ್ ಬಿಟ್ಟು ಈ ವಯಸ್ಸಿನ್ಯಾಗ ಹುಡುಗರ ಕೂಡ ಗೋಲಿ ಆಡ್ತೀಯೇನೋ?" ಎಂದು ಕೇಳಿದ್ದಳು.

ಬ್ಯಾಂಕ್ ಬಿಟ್ಟಿರಲಿಲ್ಲ. 1988ರಲ್ಲಿ ಬ್ಯಾಂಕಿನ ವರ್ಗಾವಣೆಯೇ ನನ್ನನ್ನು ಮುಂಬಯಿಗೆ ತಂದು ಹಾಕಿದ್ದು. ಮೂರು ವರ್ಷಕ್ಕೆಂದು ಬಂದವನು ಇಲ್ಲೇ ಉಳಿದೆ. ಹೀಗೆ ಬಂದು ಉಳಿದವರ ಕಥೆ ನಿಮಗೆ ಗೊತ್ತಿದ್ದದ್ದೇ, ಅದನ್ನು ವಿಸ್ತರಿಸುವುದಿಲ್ಲ. ಆರಂಭದ ವರ್ಷಗಳಲ್ಲಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಕೂಪರೇಜ್ ಮೈದಾನಕ್ಕೆ ರೋವರ್ಸ್ ಕಪ್ ನೋಡಲು ಹೋಗುತ್ತಿದ್ದೆ. ಈಗ ಆ ಕಪ್ಪೇ ಇಲ್ಲ. ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಮೊದಲು ಗೆದ್ದ ಭಾರತೀಯರ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಈ ಸಂಗತಿ ನನಗೆ ಗೊತ್ತಾದದ್ದು ಕರ್ನಾಟಕದಲ್ಲಲ್ಲ, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ. ಗಲ್ಲೆಯ ಮೇಲೆ ಕೂರುತ್ತಿದ್ದ ವಯಸ್ಸಾದವರು ಚಿಲ್ಲರೆ ಎಣಿಸುತ್ತಲೇ ಹೇಳಿದ್ದರು. ನಾನು ಗೋಲ್‌ಕೀಪರ್ ಆಗಿದ್ದವನು ಎಂದು ತಿಳಿದ ಮೇಲೆ ಅವರಿಗೆ ಇನ್ನೂ ಹುರುಪು ಬಂತು. "1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಎರಡು ಗೋಲ್‌ಕೀಪರುಗಳು ಯಾರು ಗೊತ್ತುಂಟಾ? ಒಬ್ಬ ಮೈಸೂರಿನ ವರದರಾಜ್, ಇನ್ನೊಬ್ಬ ನಮ್ಮ ಬೊಂಬಾಯಿಯ ಸಂಜೀವ ಉಚ್ಚಿಲ್. ಹೆಸರು ಕೇಳಿದ್ರೇ ಗೊತ್ತಾಗ್ತದಲ್ಲ ಯಾವ ಕಡೆಯ ಹೆಸರು ಅಂತ?" ಎಂದು ನನ್ನ ಮುಖ ನೋಡಿದರು. ಆ ದಿನ ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಪರ ಊರಿನಲ್ಲಿ ಇರುವವರಿಗೆ ಇಂಥ ಹೆಸರುಗಳು ಬೇಕಾಗುತ್ತವೆ.

ಅದಿರಲಿ. ಹುಡುಗರ ಸಹವಾಸ ಶುರುವಾದದ್ದು 2009ರಲ್ಲಿ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಮಲಯಾಳಿ ಗೃಹಸ್ಥರಿದ್ದಾರೆ. ಕೇರಳದವರಿಗೆ ಫುಟ್‌ಬಾಲು ಎಂದರೆ ಹೇಗೆ ಎಂದು ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಅಕ್ಕಪಕ್ಕದ ಸೊಸೈಟಿಗಳ ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಕಟ್ಟಿಕೊಂಡು ಮೈದಾನಕ್ಕೆ ಹೋಗುವರು. ಫೀ ಇಲ್ಲ, ಬೋರ್ಡಿಲ್ಲ. ಗೋಲಿಗಳಿಗೆ ಹೇಳಿಕೊಡಲು ಒಬ್ಬರು ಬೇಕು ಎಂದು ನನ್ನನ್ನು ಎಳೆದರು. ನಲವತ್ತಾರು ವಯಸ್ಸು, ಹೊಟ್ಟೆ ಬಂದಿತ್ತು. ಹೆಂಡತಿ, "ಹೋಗ್ರಿ, ಅಷ್ಟರೆ ಕರಗಲಿ" ಎಂದಳು.

ಮೊದಲ ವರ್ಷವೇ ದೊಡ್ಡ ತಪ್ಪು ಮಾಡಿದೆ. ಗೋಲಿ ಆಗಲು ಬರುವ ಪ್ರತಿ ಹುಡುಗನ ತಲೆಯಲ್ಲೂ ಇರುವುದು ಡೈವ್ ಒಂದೇ. ಟಿವಿಯಲ್ಲಿ ನೋಡಿರುತ್ತಾರೆ, ಗಾಳಿಯಲ್ಲಿ ಅಡ್ಡಡ್ಡ ಹಾರಿ ಬಾಲನ್ನು ತಳ್ಳುವುದು. ನನಗೂ ತೋರಿಸುವ ಚಪಲ. ಎರಡನೇ ಭಾನುವಾರವೇ ಡೈವ್ ಹೇಳಿಕೊಟ್ಟೆ. ನಮ್ಮ ಮೈದಾನ ಕೆಂಪು ಗರಸು ಮಣ್ಣಿನದು. ಹತ್ತು ವರ್ಷದ ಒಬ್ಬ ಹುಡುಗ ಹಾರಿದ, ಕೈ ಕೆಳಗೆ ಕೊಟ್ಟು ಮೊಣಕೈ ಮೇಲೆ ಬಿದ್ದ. ಭುಜದ ಮುಂದಿನ ಕತ್ತರಿ ಎಲುಬು ಬಿರುಕು ಬಿಟ್ಟಿತ್ತು. ಅವನ ತಾಯಿ ಬೈಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ನಿಮಗೆ ಇದನ್ನು ಯಾರು ಕಲಿಸಿದರು?" ಎಂದು ಹಿಂದಿಯಲ್ಲಿ ಶಾಂತವಾಗಿ ಕೇಳಿದಳು. ಯಾರೂ ಕಲಿಸಿರಲಿಲ್ಲ. ಅದನ್ನೇ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಒಂದು ತಿಂಗಳು ಮೈದಾನಕ್ಕೆ ಹೋಗಲಿಲ್ಲ. ಆಮೇಲೆ ಪುಸ್ತಕ ತರಿಸಿ ಓದಿದೆ, ಸರ್ವೀಸಸ್ ತಂಡದಲ್ಲಿ ಆಡಿ ನಿವೃತ್ತರಾದವರೊಬ್ಬರ ಮನೆಗೆ ನಾಲ್ಕು ಸಲ ಹೋಗಿ ಬಂದೆ. ಅವರು ಹೇಳಿದ್ದು ಇಷ್ಟು: ಡೈವ್ ಎನ್ನುವುದು ಕೊನೆಯ ಪಾಠ. ಕಾಲು ಸರಿಯಾಗಿ ನಡೆದಿದ್ದರೆ ಹತ್ತರಲ್ಲಿ ಏಳು ಸಲ ಡೈವ್ ಬೇಕಾಗುವುದೇ ಇಲ್ಲ.

ಹಾಗಾಗಿ ಮೊದಲನೆಯದು ನಿಲ್ಲುವುದು. ನಗಬೇಡಿ, ನಿಲ್ಲುವುದನ್ನು ಕಲಿಸಲು ಎರಡು ಭಾನುವಾರ ಬೇಕು. ಸಣ್ಣ ಹುಡುಗರು ಆಟ ಆ ಕಡೆ ಇದ್ದಾಗ ಕಂಬಕ್ಕೆ ಒರಗುತ್ತಾರೆ, ಬಾಲು ಹತ್ತಿರ ಬಂದಾಗ ಸೆಟೆದು ನಿಲ್ಲುತ್ತಾರೆ. ಪಾದಗಳು ಭುಜದಷ್ಟು ಅಗಲ, ಮೊಣಕಾಲು ತುಸು ಬಾಗಿರಬೇಕು, ಮೈಭಾರ ಮುಂಗಾಲಿನ ಮೇಲೆ, ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರುವಷ್ಟು ಸಂದು. ಕೈಗಳು ಸೊಂಟದೆತ್ತರಕ್ಕೆ, ಮೈಯಿಂದ ಮುಂದೆ, ಅಂಗೈ ಬಾಲಿನ ಕಡೆ. ಇಷ್ಟೆಲ್ಲ ಹೇಳಿದರೆ ಯಾವ ಹುಡುಗನಿಗೂ ತಲೆಗೆ ಹೋಗುವುದಿಲ್ಲ. ಧಾರವಾಡದಲ್ಲಾಗಿದ್ದರೆ "ಕೋಳಿ ಹಿಡಿಯಾಕ ನಿಂತಾಂಗ ನಿಂದ್ರಲೇ" ಎಂದರೆ ಮುಗಿಯಿತು. ಹನ್ನೊಂದನೇ ಮಹಡಿಯ ಹುಡುಗರು ಕೋಳಿಯನ್ನು ಕಂಡದ್ದು ತಟ್ಟೆಯಲ್ಲಿ.

ಎರಡನೆಯದು ಕೈ. ಎದೆಗಿಂತ ಮೇಲೆ ಬಂದ ಬಾಲಿಗೆ ಎರಡೂ ಹೆಬ್ಬೆರಳು ಹತ್ತಿರ, ಬೆರಳುಗಳು ಬಿಚ್ಚಿ, ಬಾಲಿನ ಹಿಂದೆ. ಜೋಳದ ರೊಟ್ಟಿ ಬಡಿಯುವ ಕೈಯಂತೆ. ಸೊಂಟದಿಂದ ಕೆಳಗೆ ಬಂದದ್ದಕ್ಕೆ ಕಿರುಬೆರಳು ಹತ್ತಿರ, ಅಂಗೈ ಮೇಲೆ. ನಮ್ಮ ಭಾಷೆಯಲ್ಲಿ ಇದಕ್ಕೆ ಚೆಂದದ ಶಬ್ದವೇ ಇದೆ, ಬೊಗಸೆ. ಹಿಂದಿಯಲ್ಲಿ ನಾನು 'ಪ್ರಸಾದ ತೆಗೆದುಕೊಳ್ಳುವ ಹಾಗೆ' ಎಂದು ಹೇಳುತ್ತಿದ್ದೆ, ಅದು ಎಲ್ಲರಿಗೂ ತಿಳಿಯುತ್ತಿತ್ತು. ಬಾಲು ಕೈಗೆ ಬಡಿದೊಡನೆ ಮೊಣಕೈ ಸಡಿಲಬೇಕು, ಬಾಲು ಎದೆಗೆ ಬಂದು ಅಪ್ಪಿಕೊಳ್ಳಬೇಕು. ಇದನ್ನು ಕಲಿಸಲು ಹೋಳಿ ಹಬ್ಬದ ನೀರಿನ ಬಲೂನಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಕೈ ಗಟ್ಟಿ ಮಾಡಿದರೆ ಒಡೆಯುತ್ತದೆ, ಮೆತ್ತಗೆ ಮಾಡಿದರೆ ಉಳಿಯುತ್ತದೆ. ವರ್ಷಪೂರ್ತಿ ನನ್ನ ಚೀಲದಲ್ಲಿ ಬಲೂನಿನ ಪಾಕೀಟು ಇರುತ್ತಿತ್ತು.

ನೆಲದ ಮೇಲೆ ಉರುಳಿ ಬರುವ ಬಾಲು ಎಲ್ಲರಿಗೂ ಸುಲಭ ಅನಿಸುತ್ತದೆ. ಅದೇ ಮೋಸ. ಗರಸಿನಲ್ಲಿ ಒಂದು ಕಲ್ಲಿಗೆ ತಾಗಿ ಪುಟಿದರೆ ಮುಗಿಯಿತು. ಅದಕ್ಕೇ ಕೈಯ ಹಿಂದೆ ಇನ್ನೊಂದು ಗೋಡೆ ಇರಬೇಕು. ಒಂದು ಮೊಣಕಾಲು ಅಡ್ಡ ಮಾಡಿ ನೆಲದ ಹತ್ತಿರ ತಂದು, ಎರಡು ಕಾಲಿನ ನಡುವೆ ದಾರಿ ಬಿಡದ ಹಾಗೆ ಕೂರಬೇಕು. ಇದನ್ನು ನಾನು ಬೇರೆಯವರಿಗಿಂತ ಹೆಚ್ಚು ಒತ್ತಿ ಹೇಳುತ್ತಿದ್ದೆ. ಕಾರಣ 1983ರಲ್ಲಿದೆ. ಹುಬ್ಬಳ್ಳಿಯಲ್ಲಿ ಕಾಲೇಜು ಮ್ಯಾಚು, ಮುಗಿಯಲು ಎರಡು ನಿಮಿಷ, ಮುದುಕಿಯರೂ ಹಿಡಿಯಬಹುದಾದ ಒಂದು ಬಾಲು ನನ್ನ ಕಾಲಿನ ನಡುವೆ ಹೋಯಿತು. ಮ್ಯಾಚು ನೋಡಲು ಬಂದಿದ್ದ ನಮ್ಮಣ್ಣ ನನ್ನನ್ನು ಬಿಟ್ಟು ಒಬ್ಬನೇ ಬಸ್ಸು ಹತ್ತಿ ಹೋದ. ನಾಲ್ಕೈದು ದಿನ ಮಾತಾಡಲಿಲ್ಲ. ಈಗಲೂ ಧಾರವಾಡದ ಸುಭಾಸ್ ರೋಡಿನಲ್ಲಿ ಹಳೇ ಗೆಳೆಯರು ಸಿಕ್ಕರೆ, "ಏನಪಾ, ಕಾಲಾಗ ಬಿಟ್ಟಾಂವ" ಎಂದೇ ಮಾತು ತೆಗೆಯುವುದು. ಹಿಡಿದ ನೂರು ಬಾಲು ಯಾರಿಗೂ ನೆನಪಿಲ್ಲ.

ಹಗ್ಗದ ಪಾಠ ಹುಡುಗರಿಗೆ ಬಲು ಪ್ರೀತಿ. ಬಟ್ಟೆ ಒಣಹಾಕುವ ಎರಡು ಉದ್ದದ ಹಗ್ಗ ತಂದು, ಎರಡೂ ಕಂಬಕ್ಕೆ ಒಂದೊಂದು ಕಟ್ಟಿ, ಅವುಗಳ ಇನ್ನೊಂದು ತುದಿಯನ್ನು ಬಾಲಿನ ಹತ್ತಿರ ಜೋಡಿಸಿ ಹಿಡಿಯುವುದು. ತ್ರಿಕೋನ ಆಗುತ್ತದೆ. ಗೋಲಿಯನ್ನು ಗೆರೆಯ ಮೇಲೆ ನಿಲ್ಲಿಸಿದರೆ ಎರಡೂ ಬದಿ ಹಗ್ಗ ಎಷ್ಟು ದೂರ! ನಾಲ್ಕು ಹೆಜ್ಜೆ ಮುಂದೆ ಬಂದರೆ ಎರಡೂ ಕೈಗೆ ಹಗ್ಗ ಸಿಗುತ್ತದೆ. ಮುಂದೆ ಬಂದಷ್ಟೂ ಗೋಲು ಚಿಕ್ಕದಾಗುತ್ತದೆ ಎನ್ನುವುದನ್ನು ಮಾತಿನಲ್ಲಿ ಹೇಳಿದರೆ ನಂಬದ ಹುಡುಗರು ಹಗ್ಗ ಮುಟ್ಟಿದಾಗ ಬಾಯಿ ತೆರೆಯುತ್ತಿದ್ದರು. ತುಂಬಾ ಮುಂದೆ ಬಂದರೆ ತಲೆಯ ಮೇಲಿಂದ ಎತ್ತಿ ಹಾಕುತ್ತಾರೆ ಎನ್ನುವುದು ಮರುವಾರದ ಪಾಠ. ದೊಡ್ಡವರ ಗೋಲು ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರ. ಅದರ ಕೆಳಗೆ ಹತ್ತು ವರ್ಷದವನನ್ನು ನಿಲ್ಲಿಸಿ ಗೋಲು ಬಿಟ್ಟ ಎಂದು ಬೈಯುವುದು ಅನ್ಯಾಯ. ನಾನು ಚಪ್ಪಲಿ ಇಟ್ಟು ಅದನ್ನು ಹನ್ನೆರಡು ಅಡಿಗೆ ಇಳಿಸಿದ್ದಕ್ಕೆ ಮಲಯಾಳಿ ಗೃಹಸ್ಥರು, "ಇದು ಫುಟ್‌ಬಾಲೋ ಲಗೋರಿಯೋ?" ಎಂದು ಜಗಳ ತೆಗೆದರು. ಎರಡು ವಾರ ಲಿಫ್ಟಿನಲ್ಲಿ ಮಾತಿಲ್ಲದೆ ಏರಿಳಿದೆವು.

ಡೈವ್ ಎಲ್ಲಕ್ಕಿಂತ ಕೊನೆಗೆ. ಮೊದಲು ಕೂತು ಪಕ್ಕಕ್ಕೆ ಉರುಳುವುದು, ಆಮೇಲೆ ಮೊಣಕಾಲ ಮೇಲಿಂದ, ಆಮೇಲೆ ಕುಕ್ಕರಗಾಲಿನಿಂದ, ಕಡೆಗೆ ನಿಂತು. ಬೀಳುವುದು ಪಕ್ಕೆಯ ಮೇಲೆ: ತೊಡೆಯ ಹೊರಬದಿ, ಸೊಂಟ, ಭುಜ, ಈ ಕ್ರಮದಲ್ಲಿ. ಹೊಟ್ಟೆಯ ಮೇಲಲ್ಲ, ಮೊಣಕೈ ಮೇಲಂತೂ ಅಲ್ಲವೇ ಅಲ್ಲ. ಇದನ್ನೆಲ್ಲ ಮನೆಯ ಹಳೇ ಗಾದಿಯ ಮೇಲೆ ಮಾಡಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ಗಾದಿ ಹೊತ್ತು ಗೇಟು ದಾಟುವ ನನ್ನನ್ನು ವಾಚ್‌ಮನ್ ಏನೆಂದುಕೊಂಡಿದ್ದನೋ. 2017ರಲ್ಲಿ ಹದಿನೇಳರೊಳಗಿನವರ ವಿಶ್ವಕಪ್ಪಿನ ಆಟಗಳು ನಮ್ಮ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲೇ ನಡೆದವು. ಸ್ಪೇನ್-ಮಾಲಿ ಸೆಮಿಫೈನಲ್ಲಿಗೆ ಹುಡುಗರನ್ನು ಬೇಗ ಕರೆದೊಯ್ದು ಗೋಲಿಗಳ ತಾಲೀಮು ತೋರಿಸಿದೆ. ಅವರು ಮೊದಲು ಮಾಡಿದ್ದು ಏನು? ಎದೆಗೆ ಹಾಕಿದ ಬಾಲನ್ನು ಮೆಲ್ಲಗೆ ಹಿಡಿಯುವುದು, ಬೊಗಸೆ ಮಾಡಿ ಬಾಚುವುದು. ನಮ್ಮ ಹುಡುಗನೊಬ್ಬ, "ಅಂಕಲ್, ಇದು ನಮಗೂ ಬರುತ್ತೆ" ಎಂದ. ಆ ದಿನ ನನ್ನ ಎದೆ ಎರಡಿಂಚು ಹಿಗ್ಗಿದ್ದು ಸುಳ್ಳಲ್ಲ.

ಎಲ್ಲಕ್ಕಿಂತ ಕಷ್ಟದ್ದು ಬಾಯಿ. ಗೋಲಿಗೆ ಇಡೀ ಮೈದಾನ ಕಾಣುತ್ತದೆ, ಮುಂದಿನವರಿಗೆ ಬೆನ್ನ ಹಿಂದೆ ಏನಿದೆ ಕಾಣುವುದಿಲ್ಲ. ಬಾಲು ಮೇಲಿಂದ ಬಂದಾಗ 'ನಾನು ಬರ್ತೀನಿ, ದಾರಿ ಬಿಡಿ' ಎಂದು ಅವನು ಕೂಗಲೇಬೇಕು. ಕೂಗದಿದ್ದರೆ ತನ್ನ ತಂಡದವನ ತಲೆಗೇ ತಲೆ ಬಡಿಯುತ್ತದೆ. ದೊಡ್ಡವರು 'ಕೀಪರ್!' ಎನ್ನುತ್ತಾರೆ. ನಮ್ಮ ಹುಡುಗರು 'ಮೇರಾ!' ಎನ್ನುತ್ತಿದ್ದರು. ನಾಚಿಕೆಯ ಹುಡುಗರನ್ನು ಕೂಗಿಸುವುದು ಡೈವ್ ಹೊಡೆಸುವುದಕ್ಕಿಂತ ಕಷ್ಟ.

2012ರ ದೀಪಾವಳಿ ಆದ ಮೇಲೆ ಒಬ್ಬ ಹುಡುಗ ಬಂದ. ಬಂದ ಎನ್ನುವುದಕ್ಕಿಂತ ಇದ್ದ. ಗೋಲಿನ ಹಿಂದೆ, ಗಟಾರದ ಪಕ್ಕ ನಿಂತಿರುತ್ತಿದ್ದ. ನಮ್ಮ ಗೋಲಿಗೆ ಬಲೆ ಇಲ್ಲ, ಬಾಲು ಹಿಂದಕ್ಕೆ ಹೋದರೆ ಅವನು ಹಿಡಿದು ಎಸೆಯುವನು. ಮೂರನೇ ವಾರ ಗಮನಿಸಿದೆ: ಒಂದು ಬಾಲೂ ಅವನ ಕೈಯಿಂದ ಜಾರುತ್ತಿರಲಿಲ್ಲ. ಮೈದಾನದ ಆಚೆ ಎದ್ದೇಳುತ್ತಿದ್ದ ಟವರಿನ ಕೂಲಿಕಾರರ ಪತ್ರಾ ಶೆಡ್ಡುಗಳಿಂದ ಬರುವವನು. ಬರಿಗಾಲು. ಹುಡುಗರು ಎಲ್ಲಿಂದಲೋ ಪತ್ತೆ ಹಚ್ಚಿ ಅವನನ್ನು 'ಬಿಜಾಪುರ್' ಎಂದು ಕರೆಯತೊಡಗಿದ್ದರು. ನಾನು ಅದನ್ನು ಕೇಳಿಯೂ ಕೇಳದವನಂತಿದ್ದೆ. ಮೂವತ್ತು ವರ್ಷಕ್ಕೆ ಹತ್ತಿರ ಬ್ಯಾಂಕಿನಲ್ಲಿ 'ಮದ್ರಾಸಿ' ಅನ್ನಿಸಿಕೊಂಡ ಮೇಲೆ ಇಂಥದಕ್ಕೆಲ್ಲ ಕಿವಿ ಮೊಂಡಾಗಿರುತ್ತದೆ. ಅವನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಈಗ ಅವನು ದೊಡ್ಡವನಾಗಿದ್ದಾನೆ.

ಒಳಗೆ ಕರೆದು ನಿಲ್ಲಿಸಿದೆ. ನಿಂತ ರೀತಿ ನೋಡಿ ಬೆರಗಾದೆ, ಕೋಳಿ ಹಿಡಿದವನೇ ಅವನು! ಆದರೆ ಬಾಯಿ ಮಾತ್ರ ಬಿಡ. "ಚಿಲ್ಲಾಓ! ಮೇರಾ ಬೋಲೋ!" ಎಂದು ನಾನು ಗಂಟಲು ಹರಿದುಕೊಂಡೆ. ತುಟಿ ಅಲುಗುವುದು, ದನಿ ಬಾರದು. ಒಂದು ಸಲ ಎತ್ತರದ ಬಾಲಿಗೆ ಕೂಗದೆ ನುಗ್ಗಿ ನಮ್ಮ ಡಿಫೆಂಡರ್ ಹುಡುಗನ ಮೂಗಿಗೆ ಗುದ್ದಿದ. ರಕ್ತ ಬಂತು. ನಾನು ಹಿಂದಿಯಲ್ಲಿ ಗದರಿದೆ. ಹೀಗೆಯೇ ಮೂರು ಭಾನುವಾರ.

ನಾಲ್ಕನೇ ಭಾನುವಾರ ಒಂಬತ್ತರ ಹೊತ್ತಿಗೆ ರಸ್ತೆಯ ಆ ಬದಿಯಿಂದ ಒಬ್ಬ ಹೆಣ್ಣುಮಗಳು, ತಲೆಯ ಮೇಲೆ ಸಿಂಬಿ, ಕೂಗಿದಳು: "ಏ ಯಪ್ಪಾ, ಹೊತ್ತಾತು ಬಾರೋ, ಕೂಸಿನ ಯಾರು ನೋಡ್ತಾರೋ!"

ನಾನು ನಿಂತಲ್ಲೇ ನಿಂತೆ. ಬಿಜಾಪುರ ಎಂದ ಮೇಲೆ ಕನ್ನಡವಲ್ಲದೆ ಇನ್ನೇನು? ಇಷ್ಟು ದಿನ ಆ ಶಬ್ದ ಕೇಳುತ್ತಲೇ ಇದ್ದೆ, ಅದರ ಹಿಂದೆ ಒಂದು ಊರಿದೆ, ಊರಿನಲ್ಲಿ ನನ್ನ ಮಾತಿದೆ ಎಂದು ಹೊಳೆದಿರಲಿಲ್ಲ. ಕನ್ನಡದ ಕೂಸಿಗೆ ನಾನು ತಿಂಗಳುಗಟ್ಟಲೆ ಅರೆಬರೆ ಹಿಂದಿಯಲ್ಲಿ ಬೈಯುತ್ತಿದ್ದೆ. ಹತ್ತಿರ ಹೋಗಿ, "ಯಾವೂರೋ ತಮ್ಮಾ?" ಎಂದೆ.

ಅವನು ನನ್ನನ್ನು ನೋಡಿದ ನೋಟವನ್ನು ಬಣ್ಣಿಸಲು ಹೋಗುವುದಿಲ್ಲ. "ಇಂಡಿ ಕಡೀದ್ರಿ ಸರ" ಎಂದ.

"ಬಾಲ್ ಬಂದಾಗ ಯಾಕ ಒದರವಲ್ಲಿ?"

"ಏನಂತ ಒದರ್ಲಿರೀ? ಅವರ ಮಾತು ನನ್ನ ಬಾಯಾಗ ಲಗೂನ ಬರಂಗಿಲ್ರಿ. ಬರೂದ್ರಾಗ ಬಾಲ್ ಬಂದಿರತೈತ್ರಿ."

ಎಷ್ಟು ಸರಿಯಾದ ಉತ್ತರ! ಅರ್ಧ ಸೆಕೆಂಡಿನಲ್ಲಿ ಬಾಯಿಗೆ ಬರುವುದು ಅವ್ವನ ಮಾತೊಂದೇ. ನನಗೂ ನೋಟು ಎಣಿಸುವಾಗ ಈ ಹೊತ್ತಿಗೂ ಒಂದು, ಎರಡು, ಮೂರೇ ಬರುತ್ತದೆ. "ಹಂಗಾದ್ರ 'ನಂದು' ಅನ್ನು" ಎಂದೆ.

ಮುಂದಿನ ಎತ್ತರದ ಬಾಲಿಗೆ ಅವನು "ನಂದೂ...!" ಎಂದು ಕಿರುಚಿದ ರಭಸಕ್ಕೆ ನಮ್ಮ ಹುಡುಗರೆಲ್ಲ ಸರಿದು ಬಿಟ್ಟರು. ಅರ್ಥ ಗೊತ್ತಾಗಿ ಅಲ್ಲ, ಹೆದರಿ. ಬಾಲು ಅವನ ಎದೆಯಲ್ಲಿತ್ತು. ಒಂದು ತಿಂಗಳಲ್ಲಿ ಗುಜರಾತಿ, ಮರಾಠಿ, ಬಂಗಾಲಿ, ಮಲಯಾಳಿ ಎಲ್ಲ ಹುಡುಗರಿಗೂ ಅದೇ ರೂಢಿಯಾಯಿತು. ಗೋಲಿ ಬರುತ್ತಾನೆ ಎಂದರೆ 'ನಂದು'. ಹೊಸ ಗೋಲಿಗಳೂ ಅದನ್ನೇ ಕೂಗತೊಡಗಿದರು.

ಮರಾಠಿಯಲ್ಲಿ ನಂದು ಎನ್ನುವುದು ಹುಡುಗರ ಹೆಸರು ಎಂದು ನಿಮಗೆ ಗೊತ್ತಿರಬಹುದು. ಒಮ್ಮೆ ಸ್ನೇಹದ ಪಂದ್ಯಕ್ಕೆ ಬಂದ ಎದುರು ತಂಡದ ತರಬೇತುದಾರರು ಅರ್ಧ ಆಟ ಮುಗಿದಾಗ ನನ್ನ ಹತ್ತಿರ ಬಂದು, "ಹಾ ನಂದು ಕೋಣ ಆಹೇ?" ಎಂದು ವಿಚಾರಿಸಿದರು. ಎಲ್ಲರೂ ಬಾಲು ಬಂದಾಗ ಅವನನ್ನೇ ಕರೆಯುತ್ತಾರೆ, ಅವನ ಮೇಲೆ ಇಬ್ಬರನ್ನು ಕಾವಲು ಹಾಕೋಣವೆಂದರೆ ಅವನು ಯಾರೆಂದೇ ತಿಳಿಯುತ್ತಿಲ್ಲ! ನಾನು ಹೇಳಲಿಲ್ಲ. ಯುದ್ಧದ ರಹಸ್ಯ. ಬಿಜಾಪುರ್ ಹೋಗಿ ಹುಡುಗನ ಹೆಸರು ನಂದು ಎಂದೇ ಆಯಿತು. ಅವನು ನನ್ನನ್ನು 'ಸರ' ಬಿಟ್ಟು 'ಕಾಕಾ' ಎನ್ನತೊಡಗಿದ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ನಮ್ಮಲ್ಲಿ ಒಂದು ನಿಯಮವಿತ್ತು, ನಾನೇ ಮಾಡಿದ್ದು. ಬಲೆಯಿಲ್ಲದ ಗೋಲಿನಲ್ಲಿ ಗೋಲಾದರೆ, ಬಿಟ್ಟವನೇ ಗಟಾರದ ತನಕ ಓಡಿ ಬಾಲು ತರುವುದು ಎಲ್ಲ ಕಡೆಯ ರೂಢಿ. ಆ ಓಟದಷ್ಟು ಅವಮಾನದ್ದು ಮತ್ತೊಂದಿಲ್ಲ. ನಮ್ಮಲ್ಲಿ ಹೊಡೆದವನೇ ತರಬೇಕು. ಮತ್ತು ಗೋಲಾದ ಮೇಲೆ ಗೋಲಿಗೆ ಯಾರೂ ಏನೂ ಅನ್ನಬಾರದು, ಮುಖ ಸಿಂಡರಿಸಬಾರದು, ಆಟ ಮತ್ತೆ ಶುರುವಾಗುವ ತನಕ. ಹುಡುಗರು ಇದನ್ನು ಪಾಲಿಸುತ್ತಿದ್ದರು, ಮಕ್ಕಳು ನಾವಂದುಕೊಂಡದ್ದಕ್ಕಿಂತ ನ್ಯಾಯವಂತರು.

2013ರ ಫೆಬ್ರವರಿಯಲ್ಲಿ ಹನ್ನೆರಡರೊಳಗಿನವರ ಒಂದು ಸಣ್ಣ ಪಂದ್ಯಾವಳಿ. ಅಡ್ಡ ಮಳೆಯ ಹಾಗೆ ಬಂದ ಬಾಲುಗಳನ್ನೆಲ್ಲ ನಂದು ಹಿಡಿದು ನಮ್ಮನ್ನು ಸೆಮಿಫೈನಲಿಗೆ ತಂದಿದ್ದ. ಅವನ ಅಪ್ಪ ಗೌಂಡಿ, ಅರ್ಧ ದಿನದ ಪಗಾರ ಬಿಟ್ಟು ನೋಡಲು ಬಂದಿದ್ದ. ಸೊನ್ನೆ-ಸೊನ್ನೆ. ಮುಗಿಯಲು ಸ್ವಲ್ಪ ಹೊತ್ತಿದೆ. ಎದುರಿನವನೊಬ್ಬ ಎಲ್ಲರನ್ನೂ ದಾಟಿ ಒಬ್ಬನೇ ಬಂದ. ನಂದು ಹಗ್ಗದ ಪಾಠದಲ್ಲಿ ಹೇಳಿದಂತೆಯೇ ಮುಂದೆ ಬಂದ, ಸರಿಯಾದ ಜಾಗದಲ್ಲಿ ನಿಂತ, ಸರಿಯಾಗಿ ಬಾಗಿದ. ಹೊಡೆದವನ ಕಾಲು ಬಾಲಿಗೆ ಸರಿಯಾಗಿ ತಾಗಲೂ ಇಲ್ಲ. ಬಾಲು ಮೆಲ್ಲಗೆ ಉರುಳುತ್ತ ಬಂದು, ಕಲ್ಲಿಗೆ ತಾಗಿ ದಿಕ್ಕು ಬದಲಿಸಿ, ಅವನ ಎರಡು ಕಾಲಿನ ನಡುವೆ ಹೋಯಿತು.

ಹುಡುಗರು ಯಾರೂ ಏನೂ ಅನ್ನಲಿಲ್ಲ. ನಾನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬೆನ್ನು ತಿರುಗಿಸಿದೆ.

ಬೇಕೆಂದು ಮಾಡಿದ್ದಲ್ಲ. ಮೂವತ್ತು ವರ್ಷದ ಹಿಂದಿನ ಬಾಲು ಅದು. ಆದರೆ ಅವನಿಗೆ ಅದು ಹೇಗೆ ಗೊತ್ತಾಗಬೇಕು? ತಿರುಗಿ ನೋಡಿದಾಗ ಅವನು ನನ್ನ ಕಡೆಯೇ ನೋಡುತ್ತಿದ್ದ. ಒಂದು ಗೋಲಿನಿಂದ ಸೋತೆವು. ಚಿಕ್ಕಿ ಹಂಚಲು ಹುಡುಕಿದರೆ ಅವನೂ ಇಲ್ಲ, ಅವನಪ್ಪನೂ ಇಲ್ಲ.

ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಮೂರನೆಯ ವಾರ ಶೆಡ್ಡುಗಳ ಕಡೆ ಹೋದೆ. ಮೈದಾನದಿಂದ ನೂರು ಹೆಜ್ಜೆ. ಇಷ್ಟು ವರ್ಷ ಆ ಕಡೆ ಕಾಲಿಟ್ಟಿರಲಿಲ್ಲ. ಪತ್ರಾದ ಸಾಲು ಸಾಲು ಗೂಡುಗಳು, ಎಲ್ಲ ಕಡೆ ಕನ್ನಡ! ಇಂಡಿ, ಸಿಂದಗಿ, ಅಫಜಲಪುರದ ಕನ್ನಡ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕುರ್ಚಿ ತುಂಬುವುದಿಲ್ಲ ಎಂದು ಪ್ರತಿ ವರ್ಷ ನಾವು ಗೊಣಗುತ್ತಿದ್ದೆವು.

ಅವನ ಅವ್ವ ಚಹಾ ಮಾಡಿದಳು. ಅಪ್ಪ, "ಆಟ ಸಾಕಾತ್ರಿ ಸಾಹೇಬರ. ನಾವಿಬ್ರೂ ದುಡಿಯಾಕ ಹೋದ್ರ ತಂಗೀನ ಯಾರು ನೋಡಬೇಕು? ಬೂಟ್ ಬ್ಯಾರೆ ತಗೋಬೇಕಂತ" ಎಂದ. ಕಾರಣಗಳೆಲ್ಲ ನಿಜವೇ. ಹುಡುಗ ಮಾತ್ರ ಮೂಲೆಯಲ್ಲಿ ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆಲ ನೋಡುತ್ತಿದ್ದ. ಕೆದಕಿದ ಮೇಲೆ ಸಣ್ಣ ದನಿಯಲ್ಲಿ, "ನೀವ ತಲೀ ಮ್ಯಾಲ ಕೈ ಇಟ್ಕೊಂಡ್ರೆಲ್ಲರಿ ಕಾಕಾ" ಎಂದ.

ನಾನು 1983ರ ಕಥೆಯನ್ನು ಅವನಿಗೆ ಹೇಳಿದೆ. ಹುಬ್ಬಳ್ಳಿ, ಕಾಲಿನ ನಡುವಿನ ಬಾಲು, ಅಣ್ಣ ಹತ್ತಿ ಹೋದ ಬಸ್ಸು, ಎಲ್ಲ. ಮುಂಬಯಿಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. "ನಿಂದೇನೂ ತಪ್ಪಿರಲಿಲ್ಲ, ತಪ್ಪು ನಂದು" ಎಂದೆ. ಆ ಶಬ್ದ ಕೇಳಿ ಅವನ ತುಟಿ ತುಸು ಅಲುಗಿತು. ಅಪ್ಪ, "ನಿಮ್ಮಣ್ಣಾವ್ರು ಮುಂದ ಮಾತಾಡಿದ್ರೇನ್ರಿ?" ಎಂದು ಕೇಳಿದ. ಮಾತಾಡಿದ್ದ. ಆದರೆ ಆ ಮ್ಯಾಚಿನ ಬಗ್ಗೆ ಎಂದೂ ಇಲ್ಲ. ಅಣ್ಣ ತೀರಿ ಹೋಗಿ ಆಗ ಎರಡು ವರ್ಷವಾಗಿತ್ತು.

1948ರಲ್ಲಿ ಲಂಡನ್ನಿಗೆ ಹೋದವರು ಬಹಳಷ್ಟು ಮಂದಿ ಬರಿಗಾಲಿನಲ್ಲೇ ಆಡಿದರು, ಫ್ರಾನ್ಸ್ ವಿರುದ್ಧ ಸೋತದ್ದು ಎರಡಕ್ಕೆ ಒಂದರಿಂದ ಮಾತ್ರ, ಬೂಟಿನ ಚಿಂತೆ ಬೇಡ ಎಂದು ಅಪ್ಪನಿಗೆ ಉಪದೇಶ ಮಾಡಿ ಬಂದೆ. ಅದು ಚಹಾಕ್ಕೆ ಬದಲು ಕೊಟ್ಟ ಅಗ್ಗದ ಮಾತು ಎಂದು ದಾರಿಯಲ್ಲಿ ಅನಿಸಿತು. ಮರುದಿನ ವಾಶಿಗೆ ಹೋಗಿ ಬೂಟು ತಂದೆ, ಒಂದು ಅಂಗುಲ ದೊಡ್ಡದು.

ಮುಂದಿನ ಭಾನುವಾರ ಬಂದ. ಕಂಕುಳಲ್ಲಿ ತಂಗಿ. ಅವಳನ್ನು ಗೋಲಿನ ಹಿಂದೆ ನನ್ನ ಗಾದಿಯ ಮೇಲೆ ಕೂರಿಸಿ ಆಟಕ್ಕೆ ನಿಂತ. ಬೂಟು ಒಂದು ದಿನ ಹಾಕಿದ, ಕಾಲು ಕಚ್ಚುತ್ತದೆ ಎಂದು ಬಿಟ್ಟ. ತಂಗಿ ಬಾಲು ಬಂದಾಗಲೆಲ್ಲ ಅಣ್ಣನಿಗಿಂತ ಮೊದಲು 'ನಂದೂ' ಎಂದು ಕೂಗಿ ನಮ್ಮ ಡಿಫೆನ್ಸನ್ನು ಎಷ್ಟೋ ಸಲ ಗೊಂದಲಕ್ಕೆ ಕೆಡವಿದಳು.

2014ರ ಮೇ ತಿಂಗಳಲ್ಲಿ ಟವರು ಮುಗಿಯಿತು. ಮಳೆ ಬೀಳುವ ಮೊದಲು ಬಿತ್ತನೆಗೆ ಊರಿಗೆ ಹೋಗುತ್ತೇವೆ, ಮುಂದೆ ಪುಣೆಯೋ ಎಲ್ಲಿಯೋ ಎಂದು ಅವನಪ್ಪ ಹೇಳಿದ. ಫೋನ್ ನಂಬರು ಬರೆದುಕೊಂಡಿದ್ದೆ. ಎರಡು ಸಲ ಮಾತಾಡಿದೆವು, ಆಮೇಲೆ ಆ ನಂಬರು ಹತ್ತಲಿಲ್ಲ. 2023ರ ಮಾರ್ಚಿನಲ್ಲಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಪತ್ರಿಕೆಯಲ್ಲಿ ಬಂದ ತಂಡದ ಫೋಟೋವನ್ನು ಕನ್ನಡಕ ಒರೆಸಿಕೊಂಡು ನೋಡಿದೆ. ಸುಮ್ಮನೆ ನೋಡಿದ್ದು. ಅವನಿರಲಿಲ್ಲ.

ಈಗ ನಾನು ಮೈದಾನಕ್ಕೆ ಹೋದರೂ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೊಣಕಾಲು ಕೇಳುವುದಿಲ್ಲ. ಹೇಳಿಕೊಡುವವನು ಆಗ ಮೂಗಿಗೆ ಗುದ್ದು ತಿಂದಿದ್ದ ಹುಡುಗನೇ, ಈಗ ಇಂಜಿನಿಯರ್. ಗಾದಿಯ ಬದಲು ಫೋಮಿನ ಹಾಸು ಬಂದಿದೆ. ಗೋಲಿ ಬಾಲು ಹಿಡಿದಿಟ್ಟುಕೊಳ್ಳುವ ಹೊತ್ತು ಆರು ಸೆಕೆಂಡಿನಿಂದ 2025ರಲ್ಲಿ ಎಂಟಕ್ಕೆ ಏರಿದ್ದನ್ನೂ ನನಗೆ ಅವನೇ ಹೇಳಿದ. ಹೋದ ಚಳಿಗಾಲದಲ್ಲಿ ಹೊಸದಾಗಿ ಸೇರಿದ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗೋಲಿಗೆ ನಿಂತಿದ್ದಳು. ಬಾಲು ಬಂದಾಗ 'ನಂದೂ' ಎಂದು ಕೂಗಬೇಕು ಎಂದು ಅವಳಿಗೆ ಹಳೆಯ ಹುಡುಗನೊಬ್ಬ ಹೇಳಿಕೊಡುತ್ತಿದ್ದ.

"ನಂದು ಮತ್ಲಬ್?" ಎಂದು ಅವಳು ಕೇಳಿದಳು.

"ಮತ್ಲಬ್ ಕುಛ್ ನಹೀಂ. ನಂದು ಇಧರ್ ಕಾ ಪುರಾನಾ ಗೋಲಿ ಥಾ. ಉಸಕಾ ನಾಮ್ ಲೇನೇ ಕಾ, ಬಾಲ್ ಹಾಥ್ ಮೇಂ ಆತಾ ಹೈ."

ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಲು ಬಂತು, ಅವಳು ಕೂಗಿದಳು.